ತಲೆ ಎತ್ತಿ ನೋಡುವುದು

2025ರ ಫೆಬ್ರವರಿ ಎರಡನೆಯ ವಾರ. ಕುಂದಾಪುರದ ಶಾಸ್ತ್ರಿ ಸರ್ಕಲ್‌ನಿಂದ ತುಸು ದೂರದಲ್ಲಿ ನಾವು ಆಗಾಗ ಸೇರುವ ಕೋಣೆ. ಬೈಂದೂರಿನಿಂದ ಮೂವರು, ಬ್ರಹ್ಮಾವರದ ಕಡೆಯಿಂದ ಇಬ್ಬರು ಬಂದಿದ್ದರು. ಆ ದಿನ ಮಾತಾಡಬೇಕಾಗಿದ್ದದ್ದು ಡಿ.ಸಿ. ಮನ್ನಾ ಜಮೀನಿನ ಅರ್ಜಿಗಳ ಬಗ್ಗೆ. ಕಡತ ಬಿಚ್ಚುವ ಮೊದಲೇ, ಬೆಂಗಳೂರಿನಿಂದ ರಜೆಯಲ್ಲಿ ಬಂದಿದ್ದ (ರಜೆ ಅನ್ನುವುದು ತಪ್ಪು, ಅದನ್ನು ಮುಂದೆ ಹೇಳುತ್ತೇವೆ) ನಮ್ಮ ಕೇರಿಯ ಹುಡುಗನೊಬ್ಬ ಮೊಬೈಲು ತೆಗೆದು ಮೇಜಿನ ಮೇಲಿಟ್ಟ. "ಅಣ್ಣ, ಇದ್ ಕಾಣಿ" ಅಂದ.

ಯಲಹಂಕದ ಆಕಾಶ. ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ವಿಮಾನ, ಕೊಕ್ಕರೆ ಸಾಲಿನ ಹಾಗೆ. ಹಿಂದೆ ಕೇಸರಿ, ಬಿಳಿ, ಹಸಿರು ಹೊಗೆ. ಸಾಲು ಒಡೆದು ಎರಡು ವಿಮಾನ ಬೇರೆಯಾದವು, ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿ ಕೆಳಗೆ ಬಂದು ಕೂಡಿದವು. ಆಕಾಶದಲ್ಲಿ ಒಂದು ದೊಡ್ಡ ಹೃದಯದ ಚಿತ್ರ ಉಳಿಯಿತು.

ನಮ್ಮ ಗೆಳೆಯರೊಬ್ಬರು ಕೂಡಲೇ ಹೇಳಿದರು: "ದೇಶದ ದುಡ್ಡನ್ನು ಹೊಗೆ ಮಾಡ್ತಿದ್ದಾರೆ. ಇದರ ಮೇಲೆ ಒಂದು ಹೇಳಿಕೆ ಕೊಡ್ಬೇಕು." ನಾವು ಹೂಂ ಅಂದೆವು. ಆದರೆ ಮೂಲೆಯ ಬೆಂಚಿನಲ್ಲಿ ಕೂತಿದ್ದ ದೊಡ್ಡಮ್ಮ, ಮೂವತ್ತು ವರ್ಷ ಬೀದಿ ಗುಡಿಸಿ ನಿವೃತ್ತಿಯಾದವರು, ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಂದರು. "ಚಂದ ಇತ್ತಲ್ದಾ ಮಗಾ! ಇನ್ನೊಂದ್ ಸಲ ಹಾಕ್, ಕಾಂಬ."

ನಾವು ನಾಲ್ಕು ಸಲ ನೋಡಿದೆವು. ಹೇಳಿಕೆ ಬರೆಯಲಿಕ್ಕೆ ಆಗಲಿಲ್ಲ. ಏಕೆ ಆಗಲಿಲ್ಲ ಎಂದು ನಮ್ಮನ್ನು ನಾವೇ ಕೇಳಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬಂಡಾಯದವರಿಗೆ ಚೆಲುವನ್ನು ಕಂಡರೆ ಮೊದಲಿಂದಲೂ ಗುಮಾನಿ. ಅದಕ್ಕೆ ಕಾರಣವೂ ಇದೆ. ಗುಡಿಯ ಕೆತ್ತನೆ ನೋಡಿ ಎಂದು ಕರೆದವರು ಆ ಗುಡಿಯ ಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿದರು. ನಮ್ಮ ಕಡೆಯ ತೇರುಗಳನ್ನು ನಮ್ಮ ಹಿರಿಯರು ಗದ್ದೆಯಂಚಿನಲ್ಲಿ ನಿಂತು ನೋಡಿದವರು. ಬಯಲಾಟದ ಗರದಿಗಮ್ಮತ್ತನ್ನು ಕತ್ತಲಲ್ಲಿ ನಿಂತು ಅನುಭವಿಸಿದವರು. ಚಂದ ಎಂಬುದು ಯಾವಾಗಲೂ ಬೇಲಿಯ ಆಚೆ ಇತ್ತು. ಆಕಾಶದ ಆಟಕ್ಕೆ ಆ ಬೇಲಿ ಇಲ್ಲ ನೋಡಿ! ಟಿಕೇಟು ಕೊಂಡವನಿಗೂ ಕುರ್ಚಿ ಸಿಕ್ಕ ದೊಡ್ಡವರಿಗೂ ಕಂಡದ್ದೇ ಹೋಟೆಲಿನ ತಾರಸಿಯ ಮೇಲಿನ ಹುಡುಗನಿಗೂ ಕಂಡಿತು. ಮೈಲಿಗೆ ತಾಗಿಸಲು ಅಲ್ಲಿ ಯಾರಿಗೂ ಅವಕಾಶವಿಲ್ಲ. ದೊಡ್ಡಮ್ಮನ ಆ ಸಂತೋಷವನ್ನು "ಪ್ರಭುತ್ವದ ಮಂಕುಬೂದಿ" ಎಂದು ಒಂದೇ ಮಾತಿನಲ್ಲಿ ಒರೆಸಿಹಾಕಲು ನಾವು ಯಾರು? ನೋಡುವ ಸುಖವನ್ನು ತಲೆಮಾರುಗಳ ಕಾಲ ಕಸಿದುಕೊಂಡವರು ಬೇರೆಯವರು. ನಾವೂ ಅದೇ ಕೆಲಸಕ್ಕೆ ಇಳಿಯಬೇಕೆ?

ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ನಮ್ಮ ಕರ್ನಾಟಕದ ಬೀದರ್‌ನಲ್ಲಿ. ಮೊದಲು ಹಾರಿಸಿದ್ದು ಬೆಂಗಳೂರಿನ ಎಚ್.ಎ.ಎಲ್. ಕಟ್ಟಿದ ಕಿರಣ್ ತರಬೇತಿ ವಿಮಾನಗಳನ್ನು. 2011ರಲ್ಲಿ ಆ ವಿಮಾನಗಳು ಪಾಠ ಹೇಳುವುದಕ್ಕೇ ಬೇಕಾಗಿ ತಂಡ ನಿಂತಿತು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಎದ್ದಿತು. ಹೊಗೆ ಅಂದದ್ದು ಬೆಂಕಿಯ ಹೊಗೆಯಲ್ಲ. ಎಂಜಿನ್ನಿನ ಹಿಂದೆ ನುಗ್ಗುವ ಕಾದ ಗಾಳಿಗೆ ಡೀಸೆಲಿನಂಥ ಎಣ್ಣೆಯನ್ನು ಚಿಮ್ಮಿಸುತ್ತಾರೆ. ಅದು ಆವಿಯಾಗಿ, ಹೊರಗಿನ ತಣ್ಣನೆ ಗಾಳಿ ತಾಗಿದೊಡನೆ ಸಣ್ಣ ಸಣ್ಣ ಹನಿಯಾಗಿ ಬಿಳಿ ಗೆರೆ ಎಳೆಯುತ್ತದೆ. ಬಣ್ಣ ಬೇಕಾದರೆ ಎಣ್ಣೆಗೆ ಬಣ್ಣ ಬೆರೆಸಬೇಕು. ಪೈಲಟ್ ಗುಂಡಿ ಒತ್ತಿದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗೇರುಬೀಜದ ಕಾರ್ಖಾನೆಯ ಸಿಪ್ಪೆಯ ಹೊಗೆಗೆ ಕಣ್ಣುಜ್ಜಿಕೊಂಡು ಬದುಕಿದ ನಮ್ಮ ಹೆಂಗಸರಿಗೆ, ಹೊಗೆಯನ್ನು ಚಂದಕ್ಕೆಂದೂ ಬಿಡುತ್ತಾರೆ ಎನ್ನುವುದೇ ಒಂದು ಸುದ್ದಿ.

ಹುಡುಗನ 'ರಜೆ'ಯ ವಿಷಯ. ಕುಂದಾಪುರ, ಬೈಂದೂರು ಕಡೆಯವರು ಬೆಂಗಳೂರಿನಲ್ಲಿ ಹೋಟೆಲು ಇಟ್ಟದ್ದು ಎಲ್ಲರಿಗೂ ಗೊತ್ತು. ಆ ಹೋಟೆಲುಗಳ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರು, ಮೀನು ಕುಯ್ಯುವವರು ಯಾವ ಕೇರಿಯವರು ಎಂದು ಅಷ್ಟಾಗಿ ಯಾರೂ ಕೇಳುವುದಿಲ್ಲ. ನಮ್ಮ ಹುಡುಗ ಯಲಹಂಕದ ಹತ್ತಿರ ಅಂಥದೊಂದು ಮೀನೂಟದ ಹೋಟೆಲಿನಲ್ಲಿದ್ದಾನೆ. 2025ರ ಏರೋ ಇಂಡಿಯಾ ನಡೆದದ್ದು ಫೆಬ್ರವರಿ 10ರಿಂದ 14ರ ವರೆಗೆ, ಐದು ದಿನ. ಅದಕ್ಕಾಗಿ ಜನವರಿ 23ರಿಂದ ಫೆಬ್ರವರಿ 17ರ ತನಕ, 26 ದಿನ, ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್‌ನಲ್ಲಿ ಮಾಂಸದ ಅಂಗಡಿ ಬಂದ್, ಮಾಂಸದೂಟವೂ ಬಂದ್ ಎಂದು ಬೆಂಗಳೂರು ಮಹಾನಗರ ಪಾಲಿಕೆ ಆಜ್ಞೆ ಮಾಡಿತು. 2023ರಲ್ಲೂ 10 ಕಿಲೋಮೀಟರಿನ ಲೆಕ್ಕದಲ್ಲಿ ಹೀಗೇ ಆಗಿತ್ತು. ಕಾರಣ ಸುಳ್ಳಲ್ಲ. ಎಸೆದ ಮಾಂಸದ ತುಣುಕಿಗೆ ಹದ್ದು ಬರುತ್ತದೆ, ಹದ್ದು ಬಡಿದರೆ ವಿಮಾನ ಬೀಳುತ್ತದೆ. ಅದನ್ನು ಒಪ್ಪುತ್ತೇವೆ. ಆದರೆ ಕಸ ಎತ್ತುವುದು ನಗರದ ಕೆಲಸವಾಗಿರುವಾಗ ಒಲೆ ಆರಿಸಬೇಕಾದದ್ದು ಕುರಿ ಕಡಿಯುವವನು, ಕೋಳಿ ಮಾರುವವನು. ಬೆಂಗಳೂರು ಕಡೆ ಬಾಡೂಟದ ಖಾನಾವಳಿಗೆ ಮಿಲಿಟರಿ ಹೋಟೆಲ್ ಅನ್ನುತ್ತಾರೆ. ಮಿಲಿಟರಿಯವರ ವಿಮಾನ ಬಂದು ಮಿಲಿಟರಿ ಹೋಟೆಲಿನ ಬಾಗಿಲು ಮುಚ್ಚಿಸಿತು ಎಂದು ಹುಡುಗ ನಗಾಡಿದ. ಧಣಿ ಅವನನ್ನು ಕೆಲವು ದಿನ ತಾರಸಿಯ ಟಾಂಕಿ ತೊಳೆಯಲು, ಗೋಡೆಗೆ ಸುಣ್ಣ ಬಳಿಯಲು ಇಟ್ಟುಕೊಂಡು, ಆಮೇಲೆ "17 ಕಳೀಲಿ, ಬಾ" ಎಂದು ಸಂಬಳವಿಲ್ಲದೆ ಊರಿಗೆ ಕಳಿಸಿದ್ದ.

ತಾಲೀಮಿನ ಹಾರಾಟವನ್ನು ಅವನು ನೋಡಿದ್ದು ಆ ಟಾಂಕಿಯ ಮೇಲಿಂದ. "ಸುತ್ತ ಎಲ್ಲ ತಾರಸಿ ಮೇಲೂ ಜನ. ಎಲ್ಲ ಮೇಲ್ ಕಾಂತಿದ್ರ್. ನಾನ್ ಒದ್ದಿ ಬಟ್ಟಿಯಂಗೆ ಟಾಂಕಿ ಮೇಲ್ ನಿಂತದ್ದ್ ಒಬ್ರಿಗೂ ಕಾಣ್ಲಿಲ್ಲ" ಅಂದ. ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಯಾರ ಕಣ್ಣಿಗೂ ಬೀಳದೆ ನಿಂತು ನೋಡಿದ್ದರಲ್ಲಿ ಅವನಿಗೆ ಒಂದು ನೆಮ್ಮದಿಯೂ ಇತ್ತು.

ಎಲ್ಲರೂ ಮೇಲೆ ನೋಡುವಾಗ ಪಕ್ಕದವನು ಕಾಣುವುದಿಲ್ಲ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ದಂಡೆಯಲ್ಲಿ ವಾಯುಪಡೆಯ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರಿದರು. ಬಿಸಿಲಿನಲ್ಲಿ, ನೂಕುನುಗ್ಗಲಿನಲ್ಲಿ ಬಸವಳಿದು ಐವರು ಸತ್ತರು. ಯುದ್ಧವಿಲ್ಲ, ಬಾಂಬಿಲ್ಲ, ಬರೀ ನೋಡಲು ಹೋದವರು.

ತಲೆ ಎತ್ತುವುದು ನಮಗೆ ಬರೀ ಕತ್ತಿನ ಕೆಲಸವಲ್ಲ. ಮಲದ ಬುಟ್ಟಿ ಹೊತ್ತವನು ಆಕಾಶ ನೋಡಲಾರ. ನೋಡಿದರೆ ಮೈಮೇಲೆ ಚೆಲ್ಲುತ್ತದೆ. ದೇವರಾಜ ಅರಸರ ಸರಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರಲ್ಲ, ನಮಗೆ ಅದು ಆಕಾಶವನ್ನು ವಾಪಸು ಕೊಟ್ಟ ಆಜ್ಞೆ. ನಮ್ಮ ಕರಾವಳಿಯ ಕೊರಗರ ಕತೆ ಇನ್ನೂ ವಿಚಿತ್ರ. ಅವರಿಗೆ ನೋಟಕರ ಸಾಲಿನಲ್ಲಿ ಜಾಗ ಇರಲಿಲ್ಲ. ಆಟದ ಸಾಮಾನಿನ ಸಾಲಿನಲ್ಲಿ ಇತ್ತು. ಕಂಬಳದ ಹಿಂದಿನ ರಾತ್ರಿಯೆಲ್ಲ ಇಬ್ಬನಿಯಲ್ಲಿ ಕೂತು ಡೋಲು ಬಾರಿಸಬೇಕು. ಕೋಣ ಓಡುವ ಮೊದಲು ಆ ಕೆಸರಿನಲ್ಲಿ ಅವರನ್ನೇ ಓಡಿಸುತ್ತಿದ್ದರು. ಕೋಣದ ಕಾಲಿಗೆ ಏನಾದರೂ ಚುಚ್ಚುವುದಿದ್ದರೆ ಅದು ಮೊದಲು ಮನುಷ್ಯನ ಕಾಲಿಗೆ ಚುಚ್ಚಲಿ! ಮೇಲ್ಜಾತಿಯವರ ಪೀಡೆ ಹೋಗಲೆಂದು ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದೇ 2000ದಲ್ಲಿ. ಸೂರ್ಯಕಿರಣ ಆಗಲೇ ಆಕಾಶದಲ್ಲಿತ್ತು.

ಸದ್ದಿನದೂ ಒಂದು ಮಾತಿದೆ. 2021ರ ಡಿಸೆಂಬರ್ 27ರ ರಾತ್ರಿ, ಬ್ರಹ್ಮಾವರ ತಾಲೂಕಿನ ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಮದುಮಗನ ಮೆಹಂದಿ. ಹಾಡು ಹಾಕಿದ್ದರು. ಸದ್ದು ಹೆಚ್ಚಾಯಿತೆಂದು ಪೊಲೀಸರು ಬಂದು ಲಾಠಿ ಬೀಸಿದರು. ಮದುಮಗನೂ ಪೆಟ್ಟು ತಿಂದ. ಗಲಾಟೆ ದೊಡ್ಡದಾದ ಮೇಲೆ ಎಸ್.ಐ. ಅಮಾನತಾದರು, ಮಂತ್ರಿಗಳು ಕಾಲೊನಿಗೆ ಬಂದು ಹೋದರು. ತಲೆತಲಾಂತರ ಬೇರೆಯವರ ಹಬ್ಬಕ್ಕೆ ಡೋಲು ಬಾರಿಸಿದವರು ತಮ್ಮ ಸಂತೋಷಕ್ಕೆ ಒಂದು ರಾತ್ರಿ ಸದ್ದು ಮಾಡಿದರೆ ಅದು ಶಾಂತಿಭಂಗ. ಒಂಬತ್ತು ಜೆಟ್ ವಿಮಾನ ತಲೆ ಮೇಲೆ ಗುಡುಗಿದರೆ ಅದು ಹೆಮ್ಮೆ. ಎರಡೂ ಸದ್ದೇ ಅಲ್ಲವೆ ಮಾರಾಯ್ರೆ?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಗೆಳೆಯರ ಹೇಳಿಕೆಗೆ ಬೇಕಾದಷ್ಟು ಸರಕು ಸಿಕ್ಕಂತೆ. ಆದರೆ ನಮ್ಮನ್ನು ಕಾಡಿದ ಪ್ರಶ್ನೆ ಇನ್ನೂ ಒಳಗಿದೆ.

2019ರ ಫೆಬ್ರವರಿ 19. ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ, ಯಲಹಂಕದಲ್ಲೇ, ತಾಲೀಮಿನ ಹೊತ್ತು ಸೂರ್ಯಕಿರಣದ ಎರಡು ವಿಮಾನ ಒಂದಕ್ಕೊಂದು ತಾಗಿ ಬಿದ್ದವು. ಇಬ್ಬರು ಪೈಲಟ್‌ಗಳು ಸೀಟು ಸಮೇತ ಹೊರಗೆ ಹಾರಿ ಉಳಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಸತ್ತರು. ಅದಕ್ಕೂ ಮುಂಚೆ 2006ರಲ್ಲಿ ಬೀದರ್ ಹತ್ತಿರ ಇಬ್ಬರು, 2009ರಲ್ಲಿ ಅಲ್ಲೇ ಒಬ್ಬರು, ಇದೇ ತಂಡದವರು, ಸತ್ತಿದ್ದರು. ಅವರ ಶವಕ್ಕೆ ಬಾವುಟ ಹೊದಿಸಿದರು, ಬಂದೂಕು ಹಾರಿಸಿದರು. ಅದು ಸರಿ. ಆ ಗೌರವದಲ್ಲಿ ಒಂದು ಗುಂಜಿಯನ್ನೂ ಕಡಿಮೆ ಮಾಡಿ ಎಂದು ನಾವು ಹೇಳುವುದಿಲ್ಲ.

2017ರ ಮಾರ್ಚ್. ಅದೇ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಮ್ಯಾನ್‌ಹೋಲಿಗೆ ಇಳಿದು ಮೂವರು ಸತ್ತರು. ಅವರಿಗೆ ಹೊರಗೆ ಹಾರಿಸುವ ಸೀಟು ಇರಲಿಲ್ಲ. ಮುಖವಾಡ, ಸೊಂಟಕ್ಕೆ ಹಗ್ಗ, ಇಷ್ಟು ಸಿಕ್ಕರೂ ಗುಂಡಿಗೆ ಇಳಿಯುವವರ ಪಾಲಿಗೆ ಅದು ಭಾಗ್ಯ. ಗುಂಡಿಯೊಳಗಿನ ಗಾಳಿಗೆ ಬಣ್ಣವಿಲ್ಲ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ; ಗಾಳಿ ದಪ್ಪವಾದಷ್ಟೂ ಮೂಗು ಸತ್ತುಹೋಗಿ ಆ ವಾಸನೆಯೂ ತಿಳಿಯುವುದಿಲ್ಲ. ಮನುಷ್ಯರನ್ನು ಹೀಗೆ ಇಳಿಸಬಾರದು ಎಂಬ ಕಾನೂನು 2013ರದು. ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಮೊತ್ತ ಏರಿದ್ದು ಸಾವು ನಿಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ.

ಇಬ್ಬರೂ ಸಾವಿನ ಪಕ್ಕದಲ್ಲಿ ಕೆಲಸ ಮಾಡುವವರು. ಒಬ್ಬನನ್ನು ತಲೆ ಎತ್ತಿ ನೋಡುತ್ತೇವೆ, ಇನ್ನೊಬ್ಬನನ್ನು ಮೂಗು ಮುಚ್ಚಿ ದಾಟುತ್ತೇವೆ. ಯಾಕೆ?

ಮೇಲ್ಜಾತಿಯ ಮಧ್ಯಮವರ್ಗದ ಬುದ್ಧಿವಂತರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದಾರೆ. ಕೆಟ್ಟ ಉತ್ತರವೇನಲ್ಲ, ಅದಕ್ಕೇ ಎದುರಿಸಬೇಕು. ಪೈಲಟ್ ಆ ಅಪಾಯವನ್ನು ತಾನೇ ಆರಿಸಿಕೊಂಡ, ಅದಕ್ಕೆ ಅದು ಧೈರ್ಯ. ಗುಂಡಿಗೆ ಇಳಿದವನು ಹೊಟ್ಟೆಪಾಡಿಗೆ ಇಳಿದ, ಬೇರೆ ದಾರಿ ಇರಲಿಲ್ಲ, ಅದಕ್ಕೆ ಅವನ ಬಗ್ಗೆ ಮರುಕ ಸಾಕು, ಗೌರವ ಯಾಕೆ? ಗೌರವ ಸಲ್ಲುವುದು ಆಯ್ಕೆಗೆ ಎನ್ನುತ್ತಾರೆ.

ಆಗಲಿ. ಹಾಗಾದರೆ ಆಯ್ಕೆ ಎಂಬುದು ಯಾರ ಮನೆಯ ಸೊತ್ತು? ಆ ದಿನ ಹುಡುಗ ಇನ್ನೊಂದು ಪ್ರಶ್ನೆ ಕೇಳಿದ್ದ. "ಅಣ್ಣ, ಅದ್ರಗೆ ಹೋಪುಕೆ ಎಂತ ಓದ್ಕ್?" ಅವನಿಗಲ್ಲ, ತಂಗಿಗೆ. ನಮ್ಮಲ್ಲಿ ಗೊತ್ತಿದ್ದವರು ಹೇಳಿದರು: ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ಎನ್.ಡಿ.ಎ. ಪರೀಕ್ಷೆ ಇದೆ, 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ಸೇರುತ್ತಿದ್ದಾರೆ. ಸೈನ್ಯದಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇಲ್ಲ. ಹುಡುಗ ಸುಮ್ಮನಾದ. ತಂಗಿ ಹೋದ ಜೂನ್‌ನಲ್ಲಿ ಕಲಾ ವಿಭಾಗಕ್ಕೆ ಸೇರಿಯಾಗಿತ್ತು. ವಿಜ್ಞಾನಕ್ಕೆ ಸೇರಿದರೆ ಟ್ಯೂಷನ್ನಿಗೆ ಕೊಡಬೇಕು, ಎರಡು ಬಸ್ಸು ಬದಲಿಸಬೇಕು, ಅದಕ್ಕೆ. ಹದಿನಾರನೆಯ ವಯಸ್ಸಿಗೆ ಆಕಾಶದ ಬಾಗಿಲು ಮುಚ್ಚಿತ್ತು. ಮುಚ್ಚಿದವರು ಯಾರೂ ಅಲ್ಲಿ ನಿಂತಿರಲಿಲ್ಲ, ಬೈಯೋಣ ಅಂದರೆ.

ಇದು ಹೊಸತಲ್ಲ. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲ್ ಬ್ರಿಟಿಷರ ಸೈನ್ಯದಲ್ಲಿ ಸುಬೇದಾರ್ ಆಗಿದ್ದರು. ಆಮೇಲೆ ಬ್ರಿಟಿಷರು 'ವೀರ ಜಾತಿ', 'ವೀರವಲ್ಲದ ಜಾತಿ' ಎಂದು ಪಟ್ಟಿ ಮಾಡಿ ಮಹಾರರಿಗೆ ಬಾಗಿಲು ಹಾಕಿದರು. ಧೈರ್ಯಕ್ಕೂ ಜಾತಿ ಹಚ್ಚಿದ ಪಟ್ಟಿ ಅದು. ಅಂಬೇಡ್ಕರ್ ಅದರ ವಿರುದ್ಧ ಪಟ್ಟುಹಿಡಿದರು. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದದ್ದು ನಮ್ಮ ಬೆಳಗಾವಿಯಲ್ಲಿ. ಸೈನ್ಯವೇ ಬೇಡ ಎನ್ನುವ ನಮ್ಮ ಕೆಲವು ಗೆಳೆಯರಿಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು. ಆದರೆ ಸಾಯುವ ಹಕ್ಕಿನಲ್ಲೂ ಪಾಲು ಕೇಳಬೇಕಾಗಿ ಬಂದ ಜನ ನಾವು.

ಆಯ್ಕೆಯ ವಾದಕ್ಕೆ ಇನ್ನೊಂದು ಉತ್ತರ ಗುಂಡಿಯೊಳಗೇ ಇದೆ. ಮ್ಯಾನ್‌ಹೋಲಿನ ಸಾವುಗಳ ಸುದ್ದಿಯನ್ನು ಗಮನಿಸಿದವರಿಗೆ ಇದು ಗೊತ್ತು. ಹೆಚ್ಚಿನ ಸಲ ಸಾಯುವವನು ಒಬ್ಬನಲ್ಲ, ಇಬ್ಬರು, ಮೂವರು. ಮೊದಲನೆಯವನು ಕೂಲಿಗೆ ಇಳಿಯುತ್ತಾನೆ. ಅವನು ಕೂಗಿಗೆ ಓಗೊಡದಿದ್ದಾಗ ಎರಡನೆಯವನು ಇಳಿಯುತ್ತಾನೆ. ಆ ಎರಡನೆಯವನಿಗೆ ಯಾರೂ ಕೂಲಿ ಕೊಟ್ಟು ಇಳಿ ಅಂದಿಲ್ಲ. ಒಳಗೆ ಏನಿದೆ ಎಂದು ಅವನಿಗೆ ಗೊತ್ತು, ಮೇಲೆ ನಿಂತರೆ ಬದುಕುತ್ತೇನೆ ಎಂದೂ ಗೊತ್ತು. ಇಳಿಯುತ್ತಾನೆ. ಅಪಾಯವನ್ನು ತಾನಾಗಿ ಆರಿಸಿಕೊಳ್ಳುವುದೇ ಧೈರ್ಯವಾದರೆ ಇದಕ್ಕಿಂತ ಶುದ್ಧವಾದದ್ದನ್ನು ಯಾವ ಆಕಾಶದಲ್ಲಿ ತೋರಿಸುತ್ತೀರಿ? ಪೈಲಟ್‌ನ ಹಿಂದೆ ವರ್ಷಗಳ ತಾಲೀಮು ಇದೆ, ಇವನಿಗೆ ಯೋಚಿಸಲು ಅರ್ಧ ನಿಮಿಷ. ಇವನ ಹಿಂದೆ ಹೊಗೆಯ ಗೆರೆ ಇರುವುದಿಲ್ಲ, ಅಷ್ಟೇ.

ಆಯ್ಕೆಯ ವಾದ ಇಲ್ಲಿಗೆ ಸೋಲುತ್ತದೆ. ಉಳಿಯುವುದು ಕಾಣುವ ಮತ್ತು ಕಾಣದ ಪ್ರಶ್ನೆ. ಗೌರವ ಧೈರ್ಯದ ಹಿಂದೆ ಹೋಗುತ್ತದೆ ಎಂದು ನಾವು ನಂಬಿದ್ದೆವು. ಅದು ಹೋಗುವುದು ನೋಟದ ಹಿಂದೆ. ಯಾವ ಧೈರ್ಯವನ್ನು ಎತ್ತಿ ತೋರಿಸಬೇಕು, ಯಾವುದರ ಮೇಲೆ ಮುಚ್ಚಳ ಎಳೆಯಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಗೌರವ ಹಂಚುವವರೂ ಅವರೇ. ಎಣ್ಣೆಗೆ ಬಣ್ಣ ಬೆರೆಸುವುದರಲ್ಲಿ ನಮಗೆ ತಕರಾರಿಲ್ಲ. ಮುಚ್ಚಳದ ಬಗ್ಗೆ ತಕರಾರು.

ದೊಡ್ಡಮ್ಮ ಮೂರನೆಯ ಸಲ ನೋಡುವಾಗ ಒಂದು ಮಾತು ಕೇಳಿದ್ದರು. "ಅವ್ರಿಗೆ ಅಲ್ಲಿಂದ ನಾವ್ ಕಾಂತ್ವಾ ಮಗಾ?" ಹುಡುಗ ಮೊಬೈಲಿನಲ್ಲಿ ಇಂಥದನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದವನು. "ಇಲ್ಲ ದೊಡ್ಡಮ್ಮ. ಅವ್ರ್ ಕೆಳಗೂ ಕಾಣೂಕಿಲ್ಲ, ಮುಂದೂ ಕಾಣೂಕಿಲ್ಲ. ಬದಿಯಂಗೆ ಇದ್ದ ವಿಮಾನ ಮಾತ್ರ ಕಾಣ್ಕ್. ಕಣ್ ಆಚಿಗ್ ಹೋದ್ರೆ ಮುಗೀತ್" ಅಂದ. ಆಮೇಲೆ ನಾವು ಓದಿ ನೋಡಿದರೆ ಹುಡುಗ ಹೇಳಿದ್ದು ನಿಜ. ಮುಂದಾಳು ದಾರಿ ನೋಡುತ್ತಾನೆ, ಮಿಕ್ಕವರ ಕಣ್ಣು ಪಕ್ಕದ ವಿಮಾನದಿಂದ ಕದಲುವಂತಿಲ್ಲ. ರೆಕ್ಕೆಗೂ ರೆಕ್ಕೆಗೂ ನಡುವೆ ಕೆಲವೇ ಮೀಟರ್ ಜಾಗ. ನಾವು ಆ ಚಿತ್ರ ನೋಡುತ್ತೇವೆ, ಬರೆಯುವವರಿಗೆ ಅದು ಕಾಣುವುದೇ ಇಲ್ಲ. ಅವರು ಇಡೀ ಹೊತ್ತು ಪಕ್ಕದವನನ್ನು ನೋಡುತ್ತಿರುತ್ತಾರೆ. ದೊಡ್ಡಮ್ಮ ಇದನ್ನು ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ಅವರ ಗಂಡ ಗುಂಡಿ ತೆಗೆಯುವ ಕೆಲಸದಲ್ಲೇ ಹೋದವರು. ಆ ದಿನ ಮೇಲೆ ಹಗ್ಗ ಹಿಡಿಯಬೇಕಾದವನು ಬೀಡಿ ತರಲು ಹೋಗಿದ್ದನಂತೆ.

ಹೇಳಿಕೆ ಬೇಕು ಎಂದಿದ್ದ ಗೆಳೆಯರು ಬರೆದ ಎರಡು ಸಾಲನ್ನು ಹರಿದು ಕಿಸೆಗೆ ಹಾಕಿಕೊಂಡರು. ಡಿ.ಸಿ. ಮನ್ನಾ ಕಡತ ಬಿಚ್ಚಿದೆವು. ಅದರಲ್ಲೇ ಸಂಜೆಯಾಯಿತು.

ಫೆಬ್ರವರಿ 17 ಕಳೆದ ಮೇಲೆ ಹುಡುಗ ರಾತ್ರಿ ಬಸ್ಸು ಹತ್ತಿದ. ನಾಲ್ಕೈದು ದಿನ ಬಿಟ್ಟು ಫೋನು ಮಾಡಿದ. ಹೋಟೆಲು ಹಲವು ದಿನ ಮುಚ್ಚಿದ್ದರಿಂದ ಹಿಂದಿನ ಚೇಂಬರು ಕಟ್ಟಿಕೊಂಡಿತ್ತು. ಧಣಿ ಮುಚ್ಚಳ ಸರಿಸಿ, "ಇಳ್ದ್ ಒಂಚೂರ್ ಕಾಣಾ" ಅಂದನಂತೆ. ನಮ್ಮೂರಿನವನೇ, ನಮ್ಮದೇ ಕನ್ನಡ. ಇವನು ಇಳಿಯುವುದಿಲ್ಲ, ಯಂತ್ರ ತರಿಸಿ ಅಂದ. ಜೊತೆಗಿದ್ದ ಒಡಿಶಾದ ಹುಡುಗ ಅಂಗಿ ಬಿಚ್ಚುತ್ತಿದ್ದನಂತೆ. ಅವನ ರಟ್ಟೆ ಹಿಡಿದು ಇವನು ಬಿಡಲಿಲ್ಲ. ಇಬ್ಬರಿಗೂ ಎರಡು ದಿನದ ಸಂಬಳ ಹೋಯಿತು. ಮೂರನೆಯ ದಿನ ಯಂತ್ರ ಬಂತು ಅಂದ.